ಎಣ್ಣೆ ಕಾಣದ ಗುಲಾಬಿ

ಕಳೆದ ತಿಂಗಳು ಆದೋನಿಯಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಕುಬಸವಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಮುತ್ತೈದೆಯರು ಆರತಿ ಎತ್ತಿ, ಆಕೆ ಬಯಸಿದ್ದನ್ನೆಲ್ಲ ಉಣಿಸುವ ಶಾಸ್ತ್ರ. ಊಟ ಮುಗಿಸಿ ಹೊರಗೆ ಕುಳಿತಿದ್ದೆ. ಯಾರೋ ಬೀಡಾ ತಟ್ಟೆ ಹಿಡಿದು ಬಂದರು. ಒಂದನ್ನು ಎತ್ತಿಕೊಂಡು ಬಾಯಿಗೆ ಇಡುವ ಮೊದಲೇ ಗುಲ್ಕನ್ನಿನ ವಾಸನೆ ಮೂಗಿಗೆ ಬಂತು. ಕೈ ಅಲ್ಲೇ ನಿಂತಿತು. ಬೀಡಾವನ್ನು ತಟ್ಟೆಗೇ ಮರಳಿಸಿ, ನನ್ನ ಸೊಸೆ ಸುಜಾತಾ ಎಲ್ಲಿದ್ದಾಳೆಂದು ನೋಡಲು ಎದ್ದೆ.

ಒಳಗೆ ಹೆಂಗಸರು ಆರತಿ ಹಾಡು ಹಾಡುತ್ತಿದ್ದರು. ಅವಳು ಅಲ್ಲಿರಲಿಲ್ಲ. ಹಿತ್ತಲಲ್ಲಿ ನೀರಿನ ಡ್ರಮ್ಮಿನ ಪಕ್ಕ ಕುಳಿತು, ಬಾಡಿಗೆಗೆ ತಂದ ಸ್ಟೀಲಿನ ತಟ್ಟೆಗಳನ್ನು ಒರೆಸಿ ಜೋಡಿಸುತ್ತಿದ್ದಳು. ಕುಬಸ, ತೊಟ್ಟಿಲು ಎಂದರೆ ಸುಜಾತಾ ಹಿತ್ತಲಲ್ಲಿರುತ್ತಾಳೆ ಎಂಬುದು ನಮ್ಮ ಬಳಗಕ್ಕೆಲ್ಲ ಗೊತ್ತು. ಯಾಕೆಂಬುದೂ ಗೊತ್ತು ಎಂದುಕೊಂಡಿದ್ದಾರೆ. ಅವರಿಗೆ ಗೊತ್ತಿರುವುದು ಸುಳ್ಳು, ಮತ್ತು ಆ ಸುಳ್ಳು ನನ್ನದು. ಅದು ಶುರುವಾದದ್ದು ವರ್ಷಗಳ ಹಿಂದಿನ ಒಂದು ಕಾರ್ತೀಕ ಮಾಸದಲ್ಲಿ, ನಾಗಲದಿನ್ನೆಯಲ್ಲಿ, ನಾನು ಬೆಳೆಸಿದ ಒಂದು ಪನ್ನೀರು ಗುಲಾಬಿ ಗಿಡದಿಂದ.

ನಾನು ಹೈಸ್ಕೂಲು ಮುಗಿಸಿದವನು. ಆದೋನಿಯಲ್ಲಿ ಗೊಬ್ಬರ, ಕೀಟನಾಶಕ ಮಾರುವ ಅಂಗಡಿಯಲ್ಲಿ ತಲೆ ನರೆಯುವವರೆಗೂ ದುಡಿದೆ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಹತ್ತಿಗೆ ಎಣ್ಣೆ ಹೊಡೆಯುವುದು ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಸೀಸೆಯ ಮೇಲಿನ ತ್ರಿಕೋನ ಹಸಿರಿದ್ದರೆ ವಿಷ ಕಡಿಮೆ, ಕೆಂಪಿದ್ದರೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಹೊಡೆದ ಮೇಲೆ ಕಾಯಿಪಲ್ಯ ಕೀಳಬೇಡಿ, ತೊಳೆದರೆ ಹೋಗುವ ಎಣ್ಣೆ ಅಲ್ಲ ಇದು, ಗಿಡದ ರಸದೊಳಗೇ ಇಳಿಯುತ್ತದೆ ಎಂದು ಎಷ್ಟು ರೈತರಿಗೆ ಹೇಳಿ ಕಳಿಸಿದ್ದೆನೋ ಲೆಕ್ಕವಿಲ್ಲ.

ಅಂಗಡಿ ಬಿಟ್ಟ ಮೇಲೆ ನಾನೂ ನನ್ನ ಹೆಂಡತಿಯೂ ನಾಗಲದಿನ್ನೆಗೆ ಬಂದು ಮಗ ಮಲ್ಲಿ, ಸೊಸೆ ಸುಜಾತಾರ ಜೊತೆ ಇದ್ದೆವು. ಅವನು ಹತ್ತಿ ಬೆಳೆಯುತ್ತಿದ್ದ. ಮನೆಯ ಹಿಂದೆ ಪುಟ್ಟ ಹಿತ್ತಲು, ಅದರಾಚೆ ಇಳಿಜಾರು, ಇಳಿಜಾರಿನ ಕೊನೆಗೆ ತುಂಗಭದ್ರೆ. ನಂದವರಂನ ಬೀಗರ ಅಂಗಳದಿಂದ ಪನ್ನೀರು ಗುಲಾಬಿಯ ಕಡ್ಡಿ ತಂದು ಹೊಳೆಯ ಮರಳಿನಲ್ಲಿ ಊರಿದೆ. ಈ ಗುಲಾಬಿ ನೋಡಲು ದೊಡ್ಡ ಚೆಲುವೆಯಲ್ಲ. ತಿಳಿಗೆಂಪು, ತೆಳು ಎಸಳು, ಕಾಂಡದ ತುಂಬ ಮುಳ್ಳು. ಬೆಳಿಗ್ಗೆ ಅರಳಿದ್ದು ಬಿಸಿಲೇರುವಷ್ಟರಲ್ಲಿ ಉದುರುತ್ತದೆ. ಆದರೆ ಆ ಪರಿಮಳಕ್ಕೆ ಇನ್ನೊಂದು ಸಾಟಿಯಿಲ್ಲ.

ಹೊಳೆದಂಡೆಯಲ್ಲಿ ಅದನ್ನು ಸಾಕುವುದು ಸುಲಭವಿರಲಿಲ್ಲ. ಮಣ್ಣು ಅರ್ಧ ಮರಳು, ಅರ್ಧ ಎರೆ. ಮಳೆ ಬಂದರೆ ಬೇರು ಕೊಳೆತೀತೆಂಬ ಅಂಜಿಕೆ, ಗಾಳಿ ಬಂದರೆ ಚಿಗುರು ಒಣಗೀತೆಂಬ ಅಂಜಿಕೆ. ಕಿತ್ತೊಗೆದ ಹತ್ತಿ ಕಟ್ಟಿಗೆಯನ್ನು ಒತ್ತಾಗಿ ಹೆಣೆದು ಹೊಳೆಯ ಕಡೆಗೆ ತಡಿಕೆ ಕಟ್ಟಿದೆ. ಆ ವರ್ಷ ಮಹಾನವಮಿಗೆ ಮುಂಚೆ ನೀರು ನಿಲ್ಲಿಸಿ, ಬುಡ ಬಿಡಿಸಿ, ಬೇರುಗಳನ್ನು ಬಿಸಿಲಿಗೆ ತೆರೆದಿಟ್ಟೆ. ಗಿಡ ಎಲೆ ಚೆಲ್ಲಿ ಬಾಡಿದಾಗ ಕೊಂಬೆ ಸವರಿ, ಕುರಿ ಹಿಕ್ಕೆಯ ಗೊಬ್ಬರ ತುಂಬಿ, ಬುಡ ಮುಚ್ಚಿ ನೀರು ಬಿಡಬೇಕು. ಹಾಗೆ ಉಪವಾಸ ಕೆಡವಿದರೆ ಮೈ ತುಂಬ ಮೊಗ್ಗು ಬರುತ್ತದೆ. ಒಂದು ದಿನ ಹೆಚ್ಚಾದರೆ ಗಿಡವೇ ಹೋಗುತ್ತದೆ. ಆ ದಿನಗಳಲ್ಲಿ ನಾನು ಬೆಳಗಿನಿಂದ ಸಂಜೆಯವರೆಗೆ ಅದರ ಬಳಿಯೇ ಇರುತ್ತಿದ್ದೆ.

"ಏನ್ರಿ, ಮಗಳು ಬಸುರಾಗ್ಯಾಳಂತ ಸುದ್ದಿ ಬಂದೈತಿ, ಆಕಿ ಹೆಂಗದಾಳಂತ ಒಂದ ದಿನ ಕೇಳಿಲ್ಲ. ಈ ಗಿಡದ ಬಸುರು ನೋಡಿಕೋತ ಕುಂತೀರಿ," ಎಂದಳು ನನ್ನ ಹೆಂಡತಿ ಶರಣಮ್ಮ.

ಎದುರು ಮನೆಯ ಬಸಮ್ಮ ಅಲ್ಲೇ ಇದ್ದಳು. ಅವಳಿಗೆ ನಮ್ಮ ಮನೆಯಲ್ಲಿ ಕಾಲ ಕಳೆಯದಿದ್ದರೆ ಉಂಡದ್ದು ಅರಗುವುದಿಲ್ಲ. "ಅಣ್ಣಾರು ಸೀಮಿಗೆಲ್ಲ ಎಣ್ಣಿ ಮಾರಿ ಬಂದಾರ, ಈಗ ಗಿಡಕ್ಕ ಮಡಿ ಮಾಡ್ಸಾಕ ಹತ್ಯಾರ ನೋಡಕ್ಕ," ಎಂದು ನಕ್ಕಳು.

"ಮಾರಿದ್ದಕ್ಕ ಗೊತ್ತೈತಿ ಬಸಮ್ಮ," ಎಂದೆ. "ಈ ಗಿಡ ಎಣ್ಣಿ ಕಂಡಿಲ್ಲ, ಕಾಣಂಗೂ ಇಲ್ಲ. ಹೂವು ಕಿತ್ತು ಹಂಗ ಬಾಯಾಗ ಹಾಕ್ಕೋಬೌದು."

ಈ ಮಾತನ್ನು ನಾನು ಓಣಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದೆ. ಮಲ್ಲಿ ಹತ್ತಿಗೆ ಹೊಡೆಯಲು ಸೀಸೆ ತಂದಾಗಲೆಲ್ಲ ಅವನಿಗೆ ಉಪದೇಶ ಮಾಡುತ್ತಿದ್ದೆ. ಅವನೂ ಸುಮ್ಮನಿರುತ್ತಿರಲಿಲ್ಲ. "ಅಪ್ಪ, ಒಂದ ಗಿಡ ಸಾಕೋರು ಹೊಲ ಮಾಡೋರಿಗೆ ಬುದ್ಧಿ ಹೇಳಬಾರ್ದು. ನಿನ್ನ ಗಿಡಕ್ಕ ಹುಳ ಬೀಳ್ಲಿ, ಆಮ್ಯಾಲೆ ಮಾತಾಡೋಣ," ಎನ್ನುತ್ತಿದ್ದ.

ಬಿದ್ದೇ ಬಿಟ್ಟಿತು. ಕಾರ್ತೀಕ ಶುರುವಾದಾಗ ಗಿಡದ ತುಂಬ ಮೊಗ್ಗು. ಎಣಿಸಲು ಹೋಗಿ ತಪ್ಪುತ್ತಿತ್ತು. ಒಂದು ಬೆಳಿಗ್ಗೆ ಮೊಗ್ಗಿನ ತುದಿ ಕಂದಿದ್ದು ಕಂಡಿತು. ಬಿಡಿಸಿ ನೋಡಿದರೆ ಎಸಳುಗಳ ನಡುವೆ ನುಸಿ. ಬೇವಿನ ಬೀಜ ಕುಟ್ಟಿ ಕಷಾಯ ಹಾಕಿದೆ, ಬೂದಿ ಎರಚಿದೆ, ಹುಳಿ ಮಜ್ಜಿಗೆ ಚಿಮುಕಿಸಿದೆ. ಒಂದೂ ನಾಟಲಿಲ್ಲ. ದಿನಾ ಬೆಳಿಗ್ಗೆ ಎದ್ದವನು ಮುಖ ತೊಳೆಯದೆ ಹಿತ್ತಲಿಗೆ ಓಡುತ್ತಿದ್ದೆ. ದಿನಾ ಒಂದಷ್ಟು ಮೊಗ್ಗು ಸುಟ್ಟ ಹಾಗೆ ಕಪ್ಪಾಗಿರುತ್ತಿದ್ದವು. ಮಗಳು ಲಲಿತಾ ಕುಬಸಕ್ಕೆ ಬರುವವಳಿದ್ದಳು. ಓಣಿಯವರೆಲ್ಲ ಬರುವವರಿದ್ದರು. ಮಲ್ಲಿ ಬಂದು ಕಪ್ಪಾದ ಗಿಡ ನೋಡಿ ಏನೂ ಅನ್ನದೆ ಬರೀ ನಗುವುದನ್ನು ಮನಸ್ಸಿನಲ್ಲೇ ಕಂಡು ಬೆವರುತ್ತಿದ್ದೆ.

ಎಲ್ಲರೂ ಹತ್ತಿ ಬಿಡಿಸಲು ಹೊಲಕ್ಕೆ ಹೋದ ಒಂದು ಬೆಳಿಗ್ಗೆ ಕೊಟ್ಟಿಗೆಗೆ ಹೋದೆ. ಮಲ್ಲಿ ಹೊಡೆದು ಉಳಿಸಿದ್ದ ಸೀಸೆ ಗೂಡಿನಲ್ಲಿತ್ತು. ಕೆಂಪು ತ್ರಿಕೋನ. ಓದುವ ಅಗತ್ಯವೂ ನನಗಿರಲಿಲ್ಲ. ಕೈಪಂಪಿಗೆ ಸುರಿದು, ನೀರು ಬೆರೆಸಿ, ಮೂಗಿಗೆ ಟವಲು ಕಟ್ಟಿಕೊಂಡು ಗಿಡ ತೊಯ್ಯುವ ಹಾಗೆ ಹೊಡೆದೆ. ಈ ಸಲದ ಹೂವು ಪೂಜೆಗಷ್ಟೇ ಇರಲಿ, ತಿನ್ನುವುದು ಮುಂದಿನ ಸಲ ಎಂದು ಹೇಗೋ ಹೇಳಿದರಾಯಿತು ಎಂದುಕೊಂಡೆ. ಹೇಗೆ ಹೇಳುವುದೆಂದು ಹುಡುಕುತ್ತಿರುವಾಗಲೇ ಆದೋನಿಯಿಂದ ಫೋನು ಬಂತು. ನಮ್ಮ ಅಂಗಡಿಯ ಹಳೆಯ ಮಾಲೀಕರು ತೀರಿಕೊಂಡಿದ್ದರು. ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದೆ. ಮಣ್ಣು, ಮೂರನೆಯ ದಿನದ ಕಾರ್ಯ ಎಲ್ಲ ಮುಗಿಸಿ ಮರಳಿದೆ.

ಹಿತ್ತಲಿಗೆ ಹೋದರೆ ಗಿಡದಲ್ಲಿ ಒಂದು ಹೂವೂ ಇರಲಿಲ್ಲ.

"ರೀ, ಇಲ್ಲಿ ಬರ್ರಿ, ನೋಡ್ರಿ," ಎಂದು ಶರಣಮ್ಮ ಕರೆದಳು. ಅವಳ ಮುಂದೆ ದೊಡ್ಡ ಗಾಜಿನ ಭರಣಿ. ಅದರಲ್ಲಿ ಒಂದು ಪದರ ಎಸಳು, ಒಂದು ಪದರ ಕಲ್ಲುಸಕ್ಕರೆ ಪುಡಿ, ಕತ್ತಿನವರೆಗೆ. "ನೀವು ಹ್ವಾದ ಮರದಿನ ಗಿಡ ಹೆಂಗ ಅರಳಿತ್ತಂತೀರಿ! ಒಂದಕ್ಕೂ ಕಪ್ಪು ಕಲಿ ಇದ್ದಿದ್ದಿಲ್ಲ. ಲಲಿತಾಗ ಉಷ್ಣ ಆಗೇತಂತ, ಗುಲ್ಕನ್ ಭಾಳ ತಂಪು. ಕುಬಸದ ದಿನ ಆಕಿ ಬಾಯಿಗೆ ಮೊದಲ ಇದನ್ನ ಹಾಕತೀನಿ."

ಬಸಮ್ಮ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. "ಎಣ್ಣಿ ಕಾಣದ ಹೂವಿಂದಂತ ಓಣಿಗೆಲ್ಲ ಹೇಳೀವಿ ಅಣ್ಣಾರ. ಎಲ್ಲಾರೂ ಒಂದೊಂದ ಚಮಚ ಕೇಳ್ಯಾರ."

ಬಾಯಿ ತೆರೆದೆ. "ಚಲೋ ಆತು," ಎಂದೆ. ಅಷ್ಟೇ ಬಂತು.

ಗುಲ್ಕನ್ನನ್ನು ಒಲೆಯ ಮೇಲೆ ಇಡುವುದಿಲ್ಲ. ಮಾಳಿಗೆಯ ಮೇಲೆ ವಾರಗಟ್ಟಲೆ ಬಿಸಿಲಿಗಿಟ್ಟು ಹಣ್ಣು ಮಾಡಬೇಕು. ಬೆಳಿಗ್ಗೆ ಭರಣಿಯನ್ನು ಪ್ಯಾರಾಪೆಟ್ ಗೋಡೆಯ ಮೇಲಿಟ್ಟು, ಒಣ ಸೌಟಿನಿಂದ ತಿರುವಿ, ಸಂಜೆ ಒಳಕ್ಕೆ ಸರಿಸಿ ತಗಡಿನ ಕೆಳಗೆ ಇಡುವ ಕೆಲಸ ಸುಜಾತಾಳ ಪಾಲಿಗೆ ಬಂತು. ಅವಳು ಮದ್ದಿಕೇರದ ಹುಡುಗಿ. ಓದಿದ್ದೆಲ್ಲ ತೆಲುಗಿನಲ್ಲಿ, ಗಾಬರಿಯಾದರೆ ಬಾಯಿಗೆ ಬರುವುದೂ ತೆಲುಗೇ. ಮದುವೆಯಾಗಿ ವರ್ಷಗಳಾಗಿದ್ದರೂ ಮಕ್ಕಳಾಗಿರಲಿಲ್ಲ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ ಎಂದು ನಾನು ತಿಳಿದಿದ್ದೆ. ನನ್ನ ಮುಂದೆ ಎತ್ತುತ್ತಿರಲಿಲ್ಲ, ಅಷ್ಟೇ.

ಭರಣಿಯೊಳಗೆ ಸಕ್ಕರೆ ಕರಗಿತು. ಎಸಳು ಕಂದು ಬಣ್ಣಕ್ಕೆ ತಿರುಗಿದವು. ಬಿಸಿಲು ಏರಿದ ಹಾಗೆ ಪರಿಮಳ ಮೆಟ್ಟಿಲಿಳಿದು ಪಡಸಾಲೆಗೆ ಬರುತ್ತಿತ್ತು. ಎಲ್ಲರೂ ಆಹಾ ಎನ್ನುತ್ತಿದ್ದರು. ನಾನು ಲೆಕ್ಕ ಹಾಕುತ್ತ ಕೂರುತ್ತಿದ್ದೆ. ಬಿಸಿಲಿಗೆ ವಿಷ ಮುರಿಯುತ್ತದೆಯೇ? ಸಕ್ಕರೆಯಲ್ಲಿ ಉಳಿಯುತ್ತದೆಯೇ? ದೊಡ್ಡವರಿಗೆ ಏನೂ ಆಗದಷ್ಟು ಇದ್ದರೂ ಹೊಟ್ಟೆಯೊಳಗಿನ ಕೂಸಿಗೆ? ಅಷ್ಟು ವರ್ಷ ಅದನ್ನೇ ಮಾರಿದವನಿಗೆ ಉತ್ತರ ಗೊತ್ತಿರಲಿಲ್ಲ. ಕೇಳಲು ಹೋದರೆ ಯಾಕೆ ಎಂದಾರು.

ಲಲಿತಾ ಬಂದಳು. ಬಂದ ದಿನವೇ ಏದುಸಿರು ಬಿಡುತ್ತ ಮಾಳಿಗೆ ಹತ್ತಿದಳು. ನಾನೂ ಹಿಂದೆಯೇ ಹತ್ತಿದೆ. ಭರಣಿಯ ಬಟ್ಟೆ ಬಿಚ್ಚಿ ಬೆರಳು ಇಳಿಸುವುದರಲ್ಲಿದ್ದಳು.

"ಮುಟ್ಟಬ್ಯಾಡ!" ಎಂದು ಕಿರಿಚಿದೆ. ಅವಳು ಬೆಚ್ಚಿ ಗೋಡೆ ಹಿಡಿದುಕೊಂಡಳು.

ಶರಣಮ್ಮ ಕೆಳಗಿನಿಂದಲೇ ಬೈದಳು. "ಬಸುರಿ ಮ್ಯಾಲೆ ಹಂಗ ಒದರ್ತಾರೇನ್ರಿ? ತಲಿ ನೆಟ್ಟಗೈತಿಲ್ಲ?"

"ಇನ್ನ ಹಣ್ಣಾಗಿಲ್ಲ. ಹಸೀದು ತಿಂದ್ರ ಹೊಟ್ಟಿ ಕೆಡತೈತಿ," ಎಂದೆ.

"ಅಪ್ಪಗ ಮಗಳಗಿಂತ ಗುಲ್ಕನ್ನ ಹೆಚ್ಚು ನೋಡು ಅತ್ತಿಗಿ," ಎಂದು ಲಲಿತಾ ಸದ್ದಿಗೆ ಮೇಲೆ ಬಂದ ಸುಜಾತಾಳಿಗೆ ಹೇಳಿ ನಕ್ಕಳು. ಅವಳೂ ನಕ್ಕಳು. ಆಗ ಅವರಿಬ್ಬರೂ ಅಷ್ಟು ಹತ್ತಿರವಿದ್ದರು.

ಹೇಳಿಬಿಡಬೇಕೆಂದು ಎಷ್ಟು ಸಲ ಹೊರಟೆನೋ. ಒಮ್ಮೆ ಹೆಂಡತಿ ಒಬ್ಬಳೇ ಒಲೆಯ ಮುಂದೆ ಕುಳಿತಿದ್ದಳು. ಹೋಗಿ ನಿಂತೆ. "ಏನ್ರಿ?" ಎಂದಳು. "ಮಧ್ಯಾಹ್ನ ಸಾರಿಗೆ ಉಪ್ಪು ಕಮ್ಮಿ ಆಗಿತ್ತು," ಎಂದು ಹೊರಬಂದೆ. ಮಗಳ ಜೀವಕ್ಕಾಗಿ ಅಂಜಿದ್ದೆ ಎಂದು ಬರೆದರೆ ಅರ್ಧ ಸತ್ಯವಾದೀತು. ಮಗನ ಮುಂದೆ, ಬಸಮ್ಮನ ಮುಂದೆ ಸಣ್ಣವನಾಗಲು ಅಂಜಿದ್ದೆ. ಎರಡು ಅಂಜಿಕೆಗಳಲ್ಲಿ ಯಾವುದು ದೊಡ್ಡದಿತ್ತೆಂದು ಇವತ್ತು ಕೇಳಿದರೆ ತಲೆ ಎತ್ತಲಾರೆ.

ಎಳ್ಳಮಾವಾಸ್ಯೆಗೆ ಮುಂಚೆ ಕುಬಸ ಗೊತ್ತಾಯಿತು. ಅದರ ಹಿಂದಿನ ಸಂಜೆ ಶರಣಮ್ಮ ಚಮಚದ ತುದಿಯಲ್ಲಿ ಗುಲ್ಕನ್ ಎತ್ತಿ ಬೆಳಕಿಗೆ ಹಿಡಿದು, "ಆತು, ಹಣ್ಣಾಗೈತಿ. ಬೆಳಿಗ್ಗೆ ಲಿಂಗಪೂಜಿ ಆದಮ್ಯಾಲೆ ಲಲಿತಾಗ ಕೊಡೋದ," ಎಂದಳು.

ನಸುಕಿನಲ್ಲಿ ಎದ್ದು ಹಿತ್ತಲ ಕಡೆಯ ಮೆಟ್ಟಿಲು ಹತ್ತಿದೆ. ಹೊಳೆಯಿಂದ ಚಳಿಗಾಳಿ ಬೀಸುತ್ತಿತ್ತು. ಭರಣಿ ಗೋಡೆಯ ಮೇಲಿರಲಿಲ್ಲ. ಸುಜಾತಾ ಅದನ್ನು ತಗಡಿನ ಕೆಳಗೆ ಮೂಲೆಗೊತ್ತಿ, ಬಾಯಿಗೆ ಬಟ್ಟೆ ಬಿಗಿದು, ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕಲ್ಲು ಹೇರಿ ಇಟ್ಟಿದ್ದಳು. ಅಷ್ಟು ಜತನ. ಕಲ್ಲು ತೆಗೆದೆ, ತಟ್ಟೆ ತೆಗೆದೆ. ಭರಣಿಯನ್ನು ಎದೆಗವಚಿಕೊಂಡು ಓಣಿಯ ಕಡೆಯ ಗೋಡೆಗೆ ತಂದು ಮೇಲಿಟ್ಟು ನೂಕಿದೆ.

ಸದ್ದು ಕೇಳಿ ಮನೆ ಏಳುವುದರೊಳಗೆ ಮೆಟ್ಟಿಲಿಳಿದು ಗುಲಾಬಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದೆ, ಕೈಯಲ್ಲಿ ಕಳೆ ತೆಗೆಯುವ ಕುರ್ಚಿಗಿ ಹಿಡಿದು. ಮೊದಲು ಹೊರಗೆ ಓಡಿದವಳು ಸುಜಾತಾ. "ಅಯ್ಯೋ ದೇವುಡಾ, ಏಮೈಂದಿ, ಏನಾತು!" ಎಂದದ್ದು ಕೇಳಿಸಿತು. ಆಮೇಲೆ ಶರಣಮ್ಮನ ದನಿ.

"ನಿನ್ನ ಕೈಗೆ ಕೊಟ್ಟಿದ್ನಲ್ಲ? ರಾತ್ರಿ ಒಳಗ ಇಟ್ಟಿದ್ದಿಲ್ಲೇನ?"

"ಇಟ್ಟಿದ್ದೆನ್ರಿ ಅತ್ತಿ."

"ಇಟ್ಟಿದ್ರ ಇಲ್ಲಿಗೆ ಹೆಂಗ ಬಂತು? ಕಾಲು ಬಂದ್ವೇನು ಅದಕ?"

ಸುಜಾತಾಳ ದನಿ ಇಳಿಯಿತು. "ಇಟ್ಟಿದ್ದೆ ಅನಸ್ತೈತಿ ಅತ್ತಿ," ಎಂದಳು. "ನಿನ್ನಿ ಲಲಿತಾ ಕರದ್ಲು, ಕೆಳಗ ಬಂದೆ... ಮತ್ತ ಹೋಗಿ ಇಟ್ಟಿದ್ದೆ... ಗಾಳಿಗೆ ಬಿತ್ತೇನೋ."

ಎದುರಿನ ಬಾಗಿಲಲ್ಲಿ ಬಸಮ್ಮ ನಿಂತಿದ್ದಳು. "ತುಂಬಿದ ಭರಣಿ ಗಾಳಿಗೆ ಬೀಳತೈತೇನಕ್ಕ? ತನ್ನ ಉಡಿ ತುಂಬಿಲ್ಲ, ಇನ್ನೊಬ್ಬಾಕಿ ಉಡಿ ತುಂಬೋದು ಕಣ್ಣಿಗೆ ಆಗಿಲ್ಲ. ಅಷ್ಟ."

ಈ ಮಾತು ಹಿತ್ತಲಿನವರೆಗೆ ಸ್ಪಷ್ಟವಾಗಿ ಬಂತು. ಎದ್ದು ಹೊರಗೆ ಹೋದೆ. ಆಗ ಹೇಳಬೇಕಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಸುಜಾತಾ ಗಾಜು ಆರಿಸುತ್ತಿದ್ದವಳು ತಲೆ ಎತ್ತಿದಳು.

"ಹ್ವಾದ್ರ ಹೋತು ಬಿಡ್ರಿ. ಹುಡುಗಿ ಬೇಕಂತ ಮಾಡ್ಯಾಳೇನು?" ಎಂದೆ.

"ಕಣ್ಣಾಗ ಕಣ್ಣಿಟ್ಟು ಬೆಳೆಸಿದ ಹೂವು. ಆದ್ರೂ ಎಷ್ಟು ದೊಡ್ಡ ಮನಸ್ಸು," ಎಂದಳು ಬಸಮ್ಮ. ನಾನು ಕ್ಷಮಿಸಿದ ಮೇಲೆ ಸುಜಾತಾಳ ತಪ್ಪು ಗಟ್ಟಿಯಾಯಿತು.

ಚೆಲ್ಲಿದ ಗುಲ್ಕನ್ನಿಗೆ ಇರುವೆ ಸಾಲುಗಟ್ಟಿದ್ದವು. ಅವು ಸಾಯುತ್ತವೆಯೋ ಇಲ್ಲವೋ ನೋಡಿದರೆ ಗೊತ್ತಾದೀತೆಂದು ಮತ್ತೆ ಬಂದು ನೋಡಿದೆ. ಅಷ್ಟರಲ್ಲಿ ಸುಜಾತಾ ಕೊಡಗಟ್ಟಲೆ ನೀರು ಸುರಿದು ಆ ಜಾಗವನ್ನು ತೊಳೆದುಬಿಟ್ಟಿದ್ದಳು. ಹಾಗಾಗಿ ಅದರಲ್ಲಿ ವಿಷ ಉಳಿದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಧ್ಯಾಹ್ನ ಕುಬಸ. ಆರತಿ ತಟ್ಟೆ ಒಬ್ಬರ ಕೈಯಿಂದ ಒಬ್ಬರಿಗೆ ಹೋಯಿತು. ಸುಜಾತಾ ಕೈ ಚಾಚಿದಾಗ ಶರಣಮ್ಮ ತಟ್ಟೆಯನ್ನು ಬಸಮ್ಮನಿಗೆ ಕೊಟ್ಟು, "ನೀ ಅಡಿಗಿ ಮನಿ ನೋಡು ಹೋಗವ್ವ," ಎಂದಳು. ಲಲಿತಾ ಕಣ್ಣು ಕೆಳಗೆ ಹಾಕಿದಳು. ಅವತ್ತು ಒಳಗೆ ಹೋದ ಸುಜಾತಾ ಮುಂದೆ ಇಂಥ ಯಾವ ಕಾರ್ಯದಲ್ಲೂ ಪಡಸಾಲೆಗೆ ಬರಲಿಲ್ಲ.

ಲಲಿತಾಳಿಗೆ ಗಂಡುಮಗುವಾಯಿತು, ಆರೋಗ್ಯವಾಗಿತ್ತು. ಬಾಣಂತನ ಮುಗಿಯಲಿ, ಹೇಳುತ್ತೇನೆ ಎಂದುಕೊಂಡೆ. ಆಮೇಲೆ ಬೇಸಿಗೆ ಬಂತು, ಮಳೆಗಾಲ ಬಂತು. ಹೇಳದಿರುವುದು ವರ್ಷದಿಂದ ವರ್ಷಕ್ಕೆ ಸುಲಭವಾಯಿತು. ಗಿಡವನ್ನು ನೋಡಲಾಗದೆ ನೀರು ಹಾಕುವುದನ್ನು ಬಿಟ್ಟೆ. ಅದು ಒಣಗಿತು. ಓಣಿಯವರು ಅದಕ್ಕೂ ಸುಜಾತಾಳ ಕೆಟ್ಟ ಕಣ್ಣೇ ಕಾರಣ ಎಂದರು.

ಕಳೆದ ತಿಂಗಳು ಕುಬಸ ಮುಗಿಸಿ ಆದೋನಿಯಿಂದ ಮರಳಿದ ಮರುದಿನ ಎಲ್ಲರೂ ಪಡಸಾಲೆಯಲ್ಲಿದ್ದರು. ಲಲಿತಾ ನಮ್ಮ ಜೊತೆಯೇ ಊರಿಗೆ ಬಂದಿದ್ದಳು, ಬಸಮ್ಮ ಎಂದಿನಂತೆ ಹಾಜರಿದ್ದಳು. ಹೇಳಿಬಿಟ್ಟೆ. ಎಣ್ಣೆ ಹೊಡೆದವನು ನಾನು, ಭರಣಿ ನೂಕಿದವನೂ ನಾನು ಎಂದೆ.

ಲಲಿತಾ ನಕ್ಕಳು. "ಅಪ್ಪ, ನೀ ಎಣ್ಣಿ ಹೊಡಿಯೋದಾ? ಅದೂ ಆ ಗಿಡಕ್ಕ? ಯಾರಿಗೆ ಹೇಳ್ತಿ?"

"ನಿನ್ನಿ ಸೊಸಿ ಹಿತ್ತಲದಾಗ ಕುಂತಿದ್ದು ನೋಡಿ ಕರುಳು ಚುರ್ ಅಂದೈತಿ ಅಣ್ಣಾರಿಗೆ," ಎಂದಳು ಬಸಮ್ಮ. "ಅದಕ್ಕ ತಮ್ಮ ಮ್ಯಾಲೆ ಹಾಕ್ಕೊಳ್ಳಾಕ ಹತ್ಯಾರ. ಎಂಥಾ ಮಾವ ನೋಡ್ರಿ!"

ಶರಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ವಯಸ್ಸಾತು, ಮನಸ್ಸು ಮೆತ್ತಗಾಗೈತಿ. ಬರ್ರಿ, ಉಣ್ಣಬರ್ರಿ," ಎಂದಳು. ನಿಜವೆಂದು ಆಣೆ ಮಾಡಿದೆ. ಆಣೆ ಮಾಡಿದಷ್ಟೂ ನನ್ನ ದೊಡ್ಡತನ ಹೆಚ್ಚಾಯಿತು.

ಸುಜಾತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದಳು. ಸಂಜೆ ಹಿತ್ತಲಿಗೆ ಬಂದಳು. ಅವಳು ಕೇಳಿದ್ದು ವಿಷದ ಬಗ್ಗೆ ಅಲ್ಲ.

"ಮಾವಾರ, ನಾ ಒಳಗ ಇಟ್ಟಿದ್ನೇನ್ರಿ?"

"ಇಟ್ಟಿದ್ದೆವ್ವ. ತಗಡಿನ ಕೆಳಗ, ಮೂಲ್ಯಾಗ. ಬಟ್ಟಿ ಬಿಗಿದಿದ್ದಿ, ಮ್ಯಾಲೆ ತಾಟು ಮುಚ್ಚಿದ್ದಿ, ತಾಟಿನ ಮ್ಯಾಲೆ ಕಲ್ಲು ಇಟ್ಟಿದ್ದಿ."

"ಕಲ್ಲು," ಎಂದಳು. ಬಟ್ಟೆ ಒಗೆಯುವ ಬಂಡೆಯ ಮೇಲೆ ಮೆಲ್ಲಗೆ ಕುಳಿತಳು. "ಹೌದ್ರಿ, ಕಲ್ಲು. ನನಗ ಕಲ್ಲು ನೆನಪಿತ್ತು. ಆದ್ರ ನನ್ನ ನೆನಪನ್ನ ನಾನ ನಂಬಲಿಲ್ಲ. ಈಗ್ಲೂ ಗ್ಯಾಸ್ ಆರ್ಸಿ ಮಲಗಿದ್ರ ಮತ್ತ ಎದ್ದು ನೋಡ್ತೀನ್ರಿ. ಚಿಲಕ ಹಾಕಿ ಹ್ವಾದ್ರ ಓಣಿ ತಿರುವಿಂದ ವಾಪಸ್ ಬರ್ತೀನಿ. ನಿಮ್ಮ ಮಗ ಬೈತಾರ, ಪಿಚ್ಚಿ ಅಂತಾರ. ಹುಚ್ಚಿನ ಇರಬೇಕು ನಾನು ಅನ್ಕೊಂಡಿದ್ದೆ."

"ನನ್ನ ಕ್ಷಮಿಸವ್ವ," ಎಂದು ಕೈ ಮುಗಿದೆ.

ಅವಳು ನನ್ನ ಕೈ ಹಿಡಿಯಲಿಲ್ಲ, ಕಾಲಿಗೂ ಬೀಳಲಿಲ್ಲ. "ಅದನ್ನ ಆಮ್ಯಾಲೆ ನೋಡೋಣ್ರಿ," ಎಂದಳು. "ನನಗೊಬ್ಬಾಕಿಗೆ ಗೊತ್ತಾದ್ರ ಆತೇನ್ರಿ? ಮೊದಲ ಅವರು ನಂಬಂಗ ಹೇಳ್ರಿ."

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಾಯಿಮಾತಿಗೆ ನಕ್ಕವರು ಓದಿದ ಮೇಲಾದರೂ ನಂಬಲಿ. ಆದರೆ ಬರೆದಿಟ್ಟು ಮನೆಯಲ್ಲಿ ಕೂರುವ ಹಾಗಿಲ್ಲ. ಇವತ್ತು ಬೆಳಿಗ್ಗೆ ಓಣಿ ದಾಟಿ ಬಸಮ್ಮನ ಬಾಗಿಲಿಗೆ ಹೋದೆ.

"ಬರ್ರಿ ಅಣ್ಣಾರ, ಕುಂದರ್ರಿ, ಚಾ ಮಾಡ್ತೀನಿ," ಎಂದಳು.

"ಚಾ ಬ್ಯಾಡ. ಭರಣಿ ಒಡೆದ ದಿನ ನೀ ಇಲ್ಲೇ ನಿಂತು ಒಂದ ಮಾತು ಅಂದಿದ್ದಿ. ನೆನಪೈತಿ?"

ಅವಳ ನಗು ನಿಂತಿತು. ಹಿಂದೆ ತಿರುಗಿ ನೋಡಿದೆ. ಸುಜಾತಾ ನಮ್ಮ ಬಾಗಿಲಲ್ಲಿ, ಕಸಬರಿಗೆ ಹಿಡಿದು ನಿಂತಿದ್ದಳು. ಒಳಗೆ ಹೋಗಲಿಲ್ಲ. ನಾನು ಕುಳಿತುಕೊಳ್ಳದೆ, ಓಣಿಗೆಲ್ಲ ಕೇಳುವ ಹಾಗೆ ದನಿ ಎತ್ತಿ, ಕೊಟ್ಟಿಗೆಯ ಗೂಡಿನಲ್ಲಿದ್ದ ಸೀಸೆಯಿಂದ ಹೇಳಲು ಶುರು ಮಾಡಿದೆ.